ಸಾಫ್ಟ್‌ವೇರಿನಲ್ಲಿ ಕೋಡಲ್ಲದ ಸಾಮಗ್ರಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಸಾಫ್ಟ್‌ವೇರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಸಾಲುಸಾಲಾಗಿ ಬರೆದ ಕೋಡು. ಆದರೆ ಯಾವ ಪ್ರೋಗ್ರಾಮೂ ಕೇವಲ ತನ್ನ ಕೋಡಿನ ಬಲದಿಂದಲೇ ನಡೆಯುವುದಿಲ್ಲ. ಬೇರೆಯವರು ಬರೆದು ಸಿದ್ಧಪಡಿಸಿಟ್ಟ ಕೋಡಿನ ಕಟ್ಟುಗಳನ್ನು ಅದು ತಂದು ಉಪಯೋಗಿಸಿಕೊಳ್ಳುತ್ತದೆ. ಇವಕ್ಕೆ ಆ ಕಸಬಿನವರು ಲೈಬ್ರರಿ ಎಂದು ಹೆಸರಿಟ್ಟಿದ್ದಾರೆ. (ನಮ್ಮ ಕಾಲೇಜಿನ ಲೈಬ್ರರಿಗೂ ಇದಕ್ಕೂ ಇರುವ ಸಾಮ್ಯ, ತನ್ನದಲ್ಲದ ವಸ್ತುವನ್ನು ತಂದು ಬಳಸುವುದು ಎಂಬಷ್ಟೇ, ಇಲ್ಲಿ ಹಿಂದಿರುಗಿಸಬೇಕಾದ ದಿನಾಂಕವಿಲ್ಲ.) ಯಾವ ಲೈಬ್ರರಿ, ಅದರ ಎಷ್ಟನೆಯ ಆವೃತ್ತಿ ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ಪೈಥಾನ್ ಭಾಷೆಯವರ ಪಿಪ್, ಜಾವಾಸ್ಕ್ರಿಪ್ಟಿನವರ ಎನ್‌ಪಿಎಂ ಮೊದಲಾದ ಉಪಕರಣಗಳು ತಾವೇ ಹೋಗಿ ಅವನ್ನು ತಂದು ಜೋಡಿಸುತ್ತವೆ. ಈ ವ್ಯವಸ್ಥೆ ಬಹುಮಟ್ಟಿಗೆ ಚೆನ್ನಾಗಿಯೇ ಇದೆ.

ಆದರೆ ಪ್ರೋಗ್ರಾಮಿಗೆ ಕೋಡೇ ಅಲ್ಲದ ಮತ್ತೊಂದು ಬಗೆಯ ಸಾಮಗ್ರಿಯೂ ಬೇಕಾಗುತ್ತದೆ. ಅಕ್ಷರ ತೋರಿಸಲು ಫಾಂಟು, ಕಾಗುಣಿತ ತಿದ್ದಲು ಪದಗಳ ಪಟ್ಟಿ, ಅರ್ಜಿಯಲ್ಲಿ ಆರಿಸಿಕೊಳ್ಳಲು ಜಿಲ್ಲೆ ತಾಲ್ಲೂಕುಗಳ ಪಟ್ಟಿ, ಗಂಟೆ ಹೇಳಲು ದೇಶದೇಶಗಳ ಕಾಲಮಾನದ ಪಟ್ಟಿ, ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಲು ತರಬೇತಿಯ ಫೈಲು, ಇತ್ಯಾದಿ. ಇವುಗಳಲ್ಲಿ ಒಂದು ಇಲ್ಲದೆ ಹೋದರೂ ಅಥವಾ ಬೇರೆಯದೊಂದು ಬಂದು ಕುಳಿತರೂ ಕೋಡಿನಲ್ಲಿ ಒಂದಕ್ಷರ ಬದಲಾಗದೆ ಕೆಲಸ ಕೆಡುತ್ತದೆ. ಕೋಡಿನ ಲೈಬ್ರರಿಗಳಿಗೆ ಇರುವ ಲೆಕ್ಕಪತ್ರ ಇವುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ತಾಪತ್ರಯ ಇಂಗ್ಲಿಷಿನವರಿಗಿಂತ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಮೊದಲು ಫಾಂಟಿನ ಮಾತು. ಪತ್ರಿಕೆ, ಕಚೇರಿ, ಮುದ್ರಣಾಲಯಗಳಲ್ಲಿ ಕೆಲಸ ಮಾಡಿದವರಿಗೆ ನುಡಿ, ಬರಹ ಎಂಬ ಹೆಸರುಗಳು ಪರಿಚಿತವೇ. ಬರಹವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ನುಡಿಯು ಅನಂತರ ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ನೆಲೆಗೊಂಡಿತು. ಅಂದಿನ ನುಡಿಯ ಫಾಂಟುಗಳು ಇಂಗ್ಲಿಷ್ ಮೊದಲಾದ ಪಾಶ್ಚಾತ್ಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆದುದರಿಂದ ಹಾಗೆ ಟೈಪು ಮಾಡಿದ ‘ಕನ್ನಡ’ ಎಂಬ ಶಬ್ದವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯು, ಪುನಃ ಅದೇ ಎ. ಒಟ್ಟು ಏಳು ಗುರುತುಗಳು. ಇದರಲ್ಲಿಯೂ ಒಂದು ಕ್ರಮವುಂಟು. ಪಿ ಎಂಬುದು ಕಕಾರದ ಮೈ. ಓರೆಗೆರೆಯ ಎ ತಲೆಕಟ್ಟು, ಆದ್ದರಿಂದಲೇ ಅದು ಮೂರು ಸಲ ಬಂದಿದೆ. ಜರ್ಮನ್ ಅಕ್ಷರ ನಕಾರದ ಒತ್ತು. ಅರ್ಥವು ಫೈಲಿನಲ್ಲಿಲ್ಲ, ಫಾಂಟಿನಲ್ಲಿದೆ. ಫಾಂಟು ಕಳೆದರೆ ಬರವಣಿಗೆಯೇ ಕಳೆದಂತೆ. ಕೋಡಲ್ಲದ ಅವಲಂಬನೆ ಎಂದರೇನೆಂದು ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರಲಿಲ್ಲ.

ಯೂನಿಕೋಡಿನಲ್ಲಿ ಹೀಗಿಲ್ಲ. ಅಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಅಂಕಣವಿದ್ದು, ‘ಕನ್ನಡ’ ಎಂಬುದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ ಉಳಿಯುತ್ತದೆ. ಫಾಂಟು ಬದಲಾದರೂ ಶಬ್ದ ಕೆಡುವುದಿಲ್ಲ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡಿಗೆ ಬಂದಿವೆ. ಆದರೂ ಫಾಂಟಿನ ಚಿಂತೆ ತಪ್ಪಿತೆಂದು ತಿಳಿಯುವಂತಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡುವ ನಮಗೆ ಹೆಸರೇನೋ ಹಿತವಾಗಿಯೇ ಇದೆ! ವಿಂಡೋಸ್ 8ರ ಕಾಲಕ್ಕೆ ನಿರ್ಮಲಾ ಎಂಬ ಫಾಂಟು ಬಂತು. ವಿಂಡೋಸ್ 10ರಲ್ಲಿ ತುಂಗೆಯನ್ನು ಬೇಕಾದವರು ಮಾತ್ರ ಪ್ರತ್ಯೇಕವಾಗಿ ಹಾಕಿಕೊಳ್ಳತಕ್ಕ ವಸ್ತುಗಳ ಸಾಲಿಗೆ ಸೇರಿಸಿದರು. ಹೀಗಾಗಿ ತುಂಗೆಯನ್ನೇ ನಂಬಿ ಅಳತೆ ಹಾಕಿದ ಒಂದು ನಮೂನೆಯನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬೇರೊಂದು ಫಾಂಟು ಸದ್ದಿಲ್ಲದೆ ಆ ಜಾಗಕ್ಕೆ ಬರುತ್ತದೆ. ಅಕ್ಷರದ ಅಗಲ ಬದಲಾಗಿ, ಒಂದೇ ಪುಟದಲ್ಲಿ ಮುಗಿಯಬೇಕಾದ ಪ್ರಮಾಣಪತ್ರದ ರುಜುವಿನ ಸಾಲು ಎರಡನೆಯ ಪುಟಕ್ಕೆ ಜಾರಬಹುದು. ತುಂಗಾ, ನಿರ್ಮಲಾ ಇವೆರಡನ್ನೂ ನಮ್ಮ ಪ್ರೋಗ್ರಾಮಿನ ಜೊತೆ ಕಟ್ಟಿ ಹಂಚುವ ಹಕ್ಕೂ ನಮಗಿಲ್ಲ. ಲೋಹಿತ್, ನೋಟೊ ಮೊದಲಾದ ಫಾಂಟುಗಳಾದರೋ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯಲ್ಲಿವೆ. ಅವನ್ನು ಪ್ರೋಗ್ರಾಮಿನೊಳಗೇ ಇಟ್ಟು ಕೊಡಬಹುದು. ಫಾಂಟನ್ನು ಮಾತ್ರ ಬಿಡಿಯಾಗಿ ಮಾರುವಂತಿಲ್ಲ. ಲೈಸೆನ್ಸ್ ಓದುವುದು ಬೇಸರದ ಕೆಲಸವೆಂಬುದು ನಿಜ. ಆದರೆ ಯಾವ ಫಾಂಟನ್ನು ಆರಿಸಬೇಕೆಂಬುದನ್ನು ಅಕ್ಷರದ ಅಂದಕ್ಕಿಂತ ಮುಂಚೆ ನಿರ್ಣಯಿಸುವುದು ಅದೇ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದು ಸಣ್ಣ ಕೆಲಸದಿಂದ. ನಾವು ನಾಲ್ವರು ಸಹಪಾಠಿಗಳು ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಲೇಖನ, ಲೇಖಕರ ಊರು, ವರ್ಷ ಇವುಗಳ ಒಂದು ವಿಷಯಸೂಚಿಯನ್ನು ಸಿದ್ಧಪಡಿಸಲು ಹೊರಟೆವು. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಎಂಬ ಪ್ರೋಗ್ರಾಮು ಉಚಿತವಾಗಿ ದೊರೆಯುತ್ತದೆ. ಮೊದಲು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಪ್ರೋಗ್ರಾಮು ಅದು. ಪೈಥಾನಿನಿಂದ ಅದನ್ನು ನಡೆಸಲು ಪೈಟೆಸರಾಕ್ಟ್ ಎಂಬ ಲೈಬ್ರರಿ ಇದೆ. ಪಿಪ್‌ಗೆ ಹೇಳಿದರೆ ಅದು ಪೈಟೆಸರಾಕ್ಟನ್ನು ತಂದುಕೊಡುತ್ತದೆ. ಆದರೆ ಪೈಟೆಸರಾಕ್ಟ್ ಬರಿಯ ಹಿಡಿಕೆ. ಟೆಸರಾಕ್ಟೆಂಬ ಅಲಗು ಅದರ ಜೊತೆ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೂ ಅದಕ್ಕೆ ಕನ್ನಡ ಬರುವುದಿಲ್ಲ. ಕನ್ನಡದ ತರಬೇತಿಯ ಫೈಲು ಇನ್ನೂ ಪ್ರತ್ಯೇಕ. ನಮ್ಮ ಅವಲಂಬನೆಯ ಪಟ್ಟಿಯಲ್ಲಿ ಒಂದು ಸಾಲು ಇದ್ದಿತು. ಬೇಕಾಗಿದ್ದದ್ದು ಮೂರು ವಸ್ತುಗಳು.

ಅಷ್ಟೇ ಆಗಿದ್ದರೆ ಸುಲಭವಿತ್ತು. ಇಲ್ಲದ ಫೈಲನ್ನು ಪ್ರೋಗ್ರಾಮು ‘ಇಲ್ಲ’ ಎಂದು ಹೇಳಿ ನಿಲ್ಲುತ್ತದೆ. ನಾವು ತಂದು ಹಾಕುತ್ತೇವೆ. ಕಷ್ಟ ಬಂದದ್ದು ಫೈಲು ಇದ್ದೂ ಬೇರೆಯದಾಗಿದ್ದಾಗ. ದಾವಣಗೆರೆಯಲ್ಲಿ ಒಬ್ಬ ಮಿತ್ರನ ಲ್ಯಾಪ್‌ಟಾಪು, ಹರಿಹರದಲ್ಲಿ ನಮ್ಮ ಮನೆಯ ಕಂಪ್ಯೂಟರು. ನಡುವೆ ಹದಿನಾಲ್ಕು ಕಿಲೋಮೀಟರು. ಅದೇ ಕೋಡು, ಅದೇ ಪುಟ, ಟೆಸರಾಕ್ಟಿನ ಅದೇ ಆವೃತ್ತಿ. ಆದರೂ ಎರಡು ಕಡೆ ಎರಡು ಪಾಠಾಂತರ! ಹಳಗನ್ನಡದ ಹಸ್ತಪ್ರತಿಗಳಲ್ಲಿ ಪಾಠಾಂತರವೆಂಬುದನ್ನು ಗುರುಗಳು ಹೇಳಿದ್ದರು. ಯಂತ್ರವೂ ಅದನ್ನು ಹುಟ್ಟಿಸಬಲ್ಲದೆಂದು ತಿಳಿದಿರಲಿಲ್ಲ. ಕಾರಣ ಇಷ್ಟೇ. ಕನ್ನಡದ ತರಬೇತಿ ಫೈಲು ಅಧಿಕೃತವಾಗಿಯೇ ಮೂರು ಬಗೆಯಲ್ಲಿ ದೊರೆಯುತ್ತದೆ: ಬೇಗ ಓದುವುದು ಒಂದು, ನಿಧಾನವಾಗಿ ಹೆಚ್ಚು ಸರಿಯಾಗಿ ಓದಲೆಂದು ಮಾಡಿದ್ದು ಇನ್ನೊಂದು, ಹಳೆಯ ಸಾಮಾನ್ಯ ಸಂಗ್ರಹದ್ದು ಮತ್ತೊಂದು. ಮೂರಕ್ಕೂ ಫೈಲಿನ ಹೆಸರು ಒಂದೇ, ಒಂದಕ್ಷರವೂ ಭೇದವಿಲ್ಲ. ಲಿನಕ್ಸಿನ ಡೆಬಿಯನ್ ಸಂಗ್ರಹದಿಂದ ತಂದ ಮಿತ್ರನಿಗೆ ವೇಗದ್ದು ಬಂದಿತ್ತು, ನಮ್ಮಲ್ಲಿದ್ದದ್ದು ನಿಧಾನದ್ದು. ಹೆಸರು ನೋಡಿ ‘ಇದೆ’ ಎಂದುಕೊಳ್ಳುವುದು ಸಾಲದೆಂಬುದು ಅಂದಿನಿಂದ ನಮಗೆ ಮನದಟ್ಟಾಯಿತು.

ಇಲ್ಲಿ ನಮ್ಮ ತಂದೆಯವರ ಮಾತನ್ನು ಹೇಳಲೇಬೇಕು. ಹರಿಹರವು ಲೇಥ್ ಯಂತ್ರಗಳ ಊರೆಂದು ಹೆಸರಾದದ್ದು 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಆದರೆ ಲೇಥ್ ಹಿಡಿದ ಕೈಗಳು ಊರಿನ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ಇವೆ. ನಮ್ಮ ತಂದೆಯವರು ಅಂಥ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಮನೆಯಲ್ಲಿ ನಾನೇ ಮೊದಲು. ಈ ಎರಡು ಪಾಠಾಂತರಗಳ ಗೊಂದಲವನ್ನು ಊಟದ ಹೊತ್ತಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಡ್ರಾಯಿಂಗು ಯಾವ ರಿವಿಷನ್ನು, ನೋಡಿದ್ಯೇನಪ್ಪಾ?” ಬಿಡಿಭಾಗ ತಯಾರಿಸುವಾಗ ಡ್ರಾಯಿಂಗಿಗೆ ಒಂದು ನಂಬರು, ಅದರ ತಿದ್ದುಪಡಿಗೆ ಒಂದು ರಿವಿಷನ್ ಗುರುತು ಇರುತ್ತದೆ. ನಂಬರು ಒಂದೇ ಇದ್ದು ರಿವಿಷನ್ ಬೇರೆಯಾದರೆ ಮಾಡಿದ ಭಾಗ ಕೂರುವುದಿಲ್ಲ, ರದ್ದಿಗೆ ಹೋಗುತ್ತದೆ. ಅಳೆಯುವ ಗೇಜಿಗೂ ಹಾಗೆಯೇ ನಂಬರಿದ್ದು, ಅದನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ಮುಂದಿನ ಪರೀಕ್ಷೆ ಯಾವಾಗ ಎಂಬ ಚೀಟಿ ಅಂಟಿಸಿರುತ್ತಾರೆ. ಡ್ರಾಯಿಂಗೂ ಗೇಜೂ ಯಂತ್ರವಲ್ಲ. ಆದರೂ ಅವುಗಳ ರಿಜಿಸ್ಟರನ್ನು ಯಂತ್ರದ ರಿಜಿಸ್ಟರಿಗಿಂತ ಕಡಿಮೆ ಎಚ್ಚರದಿಂದ ಇಡುವವರು ಆ ಕಸಬಿನಲ್ಲಿ ಬಾಳುವುದಿಲ್ಲ. ಸಾಫ್ಟ್‌ವೇರಿನವರಿಗೆ ಬೇಕಾದದ್ದು ಇದೇ ರಿಜಿಸ್ಟರು ಎಂದು ನನಗೆ ತೋರಿತು.

ನಾವು ಇಟ್ಟ ರಿಜಿಸ್ಟರು ಕೋಡಿನ ಪಕ್ಕದಲ್ಲೇ ಇರುವ ಒಂದು ಸಾಧಾರಣ ಫೈಲು. ಪ್ರತಿಯೊಂದು ಸಾಮಗ್ರಿಗೂ ಅದರ ಹೆಸರು, ಆವೃತ್ತಿ, ಎಲ್ಲಿಂದ ತಂದದ್ದು, ಯಾವ ದಿನ, ಯಾವ ಲೈಸೆನ್ಸು, ಕೋಡಿನ ಯಾವ ಭಾಗ ಇದನ್ನು ಬಳಸುತ್ತದೆ, ನಮ್ಮಲ್ಲಿ ಇದಕ್ಕೆ ಹೊಣೆ ಯಾರು ಎಂದು ಬರೆದಿದ್ದೇವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ಗಣಿತದ ಕ್ರಮದಿಂದ ಯಾವ ಫೈಲಿಗಾದರೂ 64 ಅಂಕಾಕ್ಷರಗಳ ಒಂದು ಮೊತ್ತವನ್ನು ತೆಗೆಯಬಹುದು. ಫೈಲಿನೊಳಗೆ ಒಂದು ಚುಕ್ಕೆ ಬದಲಾದರೂ ಮೊತ್ತ ಪೂರಾ ಬದಲಾಗುತ್ತದೆ. ಪ್ರೋಗ್ರಾಮು ಹೊರಡುವ ಮುನ್ನ ಪ್ರತಿ ಫೈಲಿನ ಮೊತ್ತವನ್ನು ತೆಗೆದು ರಿಜಿಸ್ಟರಿನೊಡನೆ ತಾಳೆ ನೋಡಿ, ಹೊಂದದಿದ್ದರೆ ಯಾವುದು ಹೊಂದಲಿಲ್ಲವೆಂದು ಹೇಳಿ ನಿಂತುಬಿಡಬೇಕು. ತಪ್ಪು ಸಾಮಗ್ರಿಯೊಡನೆ ಓಡುವ ಪ್ರೋಗ್ರಾಮಿಗಿಂತ ನಿಂತ ಪ್ರೋಗ್ರಾಮು ಮೇಲು. ಈ ಪರೀಕ್ಷೆಗೆ ನಮಗೆ ಬೇಕಾದದ್ದು ಇಪ್ಪತ್ತು ಸಾಲಿಗೂ ಕಡಿಮೆ ಕೋಡು.

ಈ ಫೈಲುಗಳನ್ನು ಎಲ್ಲಿ ಇಡಬೇಕೆಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕೋಡಿನ ಚರಿತ್ರೆಯನ್ನು ಕಾಯುವ ಗಿಟ್ ಎಂಬ ಉಪಕರಣದೊಳಗೇ ಇಡಬಹುದು. ಆದರೆ ಗಿಟ್ ಸಾಲುಸಾಲಾದ ಬರವಣಿಗೆಗೆ ಒಗ್ಗಿದ್ದು. ದೊಡ್ಡ ಫೈಲುಗಳ ಪ್ರತಿಯೊಂದು ಆವೃತ್ತಿಯನ್ನೂ ಅದು ಕೂಡಿಡುತ್ತ ಹೋಗುವುದರಿಂದ ಹೊರೆ ಬೆಳೆಯುತ್ತದೆ. ಇದಕ್ಕೆಂದೇ ಗಿಟ್ ಎಲ್‌ಎಫ್‌ಎಸ್ ಎಂಬ ಜೋಡಣೆಯಿದ್ದು, ಅದು ದೊಡ್ಡ ಫೈಲನ್ನು ಬೇರೆಡೆಯಿಟ್ಟು ಬೆರಳಚ್ಚು ಮತ್ತು ಗಾತ್ರ ಬರೆದ ಒಂದು ಚೀಟಿಯನ್ನಷ್ಟೇ ಗಿಟ್‌ನಲ್ಲಿಡುತ್ತದೆ. ಹೊರಗಿನ ವಿಳಾಸದಿಂದ ಪ್ರತಿ ಸಲ ತರಿಸಿಕೊಳ್ಳುವುದು ಎರಡನೆಯ ದಾರಿ. ವಿಳಾಸ ಬದಲಾದೀತು, ಅಲ್ಲಿನ ಫೈಲು ಬದಲಾದೀತು, ನಮ್ಮ ಕಡೆ ಇಂಟರ್‌ನೆಟ್ಟೇ ಹೋದೀತು. ಒಂದು ಕನ್ನಡ ಫಾಂಟು ಸಾಮಾನ್ಯವಾಗಿ ಕೆಲವು ನೂರು ಕಿಲೋಬೈಟಿನದು. ಅದನ್ನು ಒಳಗೇ ಇಟ್ಟುಕೊಳ್ಳುವುದು ಮೇಲು. ದೊಡ್ಡದನ್ನು ಹೊರಗಿನಿಂದ ತಂದರೂ ಬೆರಳಚ್ಚಿನ ತಾಳೆ ಬಿಡಬಾರದು, ನಮ್ಮದೊಂದು ಪ್ರತಿ ಹತ್ತಿರದಲ್ಲಿರಬೇಕು. ನನ್ನ ಮತ ಇಷ್ಟು. ಬೇರೆ ಅಭಿಪ್ರಾಯವಿರುವವರು ಇರಬಹುದು.

ಇನ್ನು ಪಟ್ಟಿಗಳ ವಿಚಾರ. ಫಾಂಟಿನ ದೋಷ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ದೋಷ ಬೀಳುವುದಿಲ್ಲ. ಆದುದರಿಂದ ಇದು ಹೆಚ್ಚು ಅಪಾಯದ್ದು. ನಮ್ಮ ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ ತಾಲ್ಲೂಕುಗಳು ಸೇರಿದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಹರಪನಹಳ್ಳಿ ಪುನಃ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರೊಳಗೆ ಸೇರಿತು. ಈ ಅವಧಿಯಲ್ಲಿ ಬರೆದ ಯಾವುದಾದರೂ ಪ್ರೋಗ್ರಾಮಿನೊಳಗೆ ತಾಲ್ಲೂಕುಗಳ ಪಟ್ಟಿ ಕುಳಿತಿದ್ದರೆ, ಅದು ಯಾವ ವರ್ಷದ್ದೆಂದು ಹೇಳುವವರಾರು? ಹರಪನಹಳ್ಳಿ ಕಡೆಯ ನನ್ನ ಸಹಪಾಠಿಯೊಬ್ಬನು ಒಂದು ವಿದ್ಯಾರ್ಥಿವೇತನದ ಅರ್ಜಿ ತುಂಬಿದನು. ಯಾರದೆಂದು ಹೇಳುವ ಅಗತ್ಯವಿಲ್ಲ. ಅದರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯ ಕೆಳಗೇ ಇದ್ದಿತು. ಅವನ ಆದಾಯ ಪ್ರಮಾಣಪತ್ರದಲ್ಲಿದ್ದದ್ದು ವಿಜಯನಗರ ಜಿಲ್ಲೆ. ಎರಡೂ ಹೊಂದುವುದಿಲ್ಲವೆಂದು ಅರ್ಜಿ ಹಿಂದಕ್ಕೆ ಬಂತು. ಸರಿಪಡಿಸುವಷ್ಟರಲ್ಲಿ ಕಡೆಯ ದಿನ ಕಳೆದಿತ್ತು. ಅವನ ತಾಯಿ ಕೂಲಿಯ ಮೂರು ದಿನ ಬಿಟ್ಟು ಆ ಪ್ರಮಾಣಪತ್ರಕ್ಕಾಗಿ ಓಡಾಡಿದ್ದರು. ಆ ಪ್ರೋಗ್ರಾಮಿನ ಕೋಡಿನಲ್ಲಿ ದೋಷವಿರಲಿಲ್ಲವೆಂದೇ ನಾನು ಊಹಿಸುತ್ತೇನೆ. ಹಳೆಯದಾಗಿದ್ದದ್ದು ಒಂದು ಪಟ್ಟಿ.

ಪಿನ್ ಕೋಡಿನಿಂದ ಜಿಲ್ಲೆಯನ್ನು ಹುಡುಕಿಕೊಳ್ಳಬಹುದಲ್ಲ ಎಂದು ಕೆಲವರು ಹೇಳಿಯಾರು. ಹರಪನಹಳ್ಳಿಯ ಪಿನ್ 583131. ದಾವಣಗೆರೆ ಜಿಲ್ಲೆಯಲ್ಲಿದ್ದಷ್ಟು ಕಾಲವೂ ಅದು ಬಳ್ಳಾರಿ ಕಡೆಯ ಅಂಕದಲ್ಲಿಯೇ ಇತ್ತು. ಅಂಚೆಯವರ ಗಡಿ ಬೇರೆ, ಕಂದಾಯದವರ ಗಡಿ ಬೇರೆ. ಪಟ್ಟಿಯನ್ನು ಕೇಂದ್ರ ಸರ್ಕಾರದ ಲೋಕಲ್ ಗೌರ್ನಮೆಂಟ್ ಡೈರೆಕ್ಟರಿಯಂಥ ಅಧಿಕೃತ ಮೂಲದಿಂದ, ಹೆಸರಿನ ಜೊತೆ ಅಲ್ಲಿನ ಸಂಕೇತ ಸಂಖ್ಯೆಯನ್ನೂ ಸೇರಿಸಿ ತರುವುದು ಲೇಸು.

ಹಾಗೆಂದು ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಹಾಕಿದರೆ ತೀರಿತೇ? ನಮ್ಮ ವಿಷಯಸೂಚಿಯಲ್ಲಿ ಹಾಗೆ ಮಾಡುವಂತಿರಲಿಲ್ಲ. 1997ಕ್ಕೆ ಮುಂಚಿನ ಸಂಚಿಕೆಯಲ್ಲಿ ಹರಿಹರದ ವಿದ್ಯಾರ್ಥಿ ತನ್ನ ಜಿಲ್ಲೆ ಚಿತ್ರದುರ್ಗವೆಂದು ಬರೆದಿದ್ದರೆ ಅದು ಸರಿಯೇ. ಇನ್ನೂ ಹಿಂದಕ್ಕೆ ಹೋದರೆ, ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಬರುತ್ತವೆ. ಇಂದು ಹರಿಹರವೇ ಒಂದು ತಾಲ್ಲೂಕು. ಆದುದರಿಂದ ಪ್ರತಿಯೊಂದು ಊರಿನ ಮುಂದೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಜಿಲ್ಲೆ ಎಂದು ಬರೆದೆವು. ಲೋಕದ ಕಾಲಮಾನಗಳ ಪಟ್ಟಿಯನ್ನು ಕಾಯುವವರು ಇದೇ ರೀತಿ ಮಾಡುತ್ತಾರೆ. ಭಾರತದ ಗಡಿಯಾರಗಳು 1942ರಿಂದ 1945ರವರೆಗೆ ಯುದ್ಧದ ನಿಮಿತ್ತ ಒಂದು ಗಂಟೆ ಮುಂದಿದ್ದವೆಂಬುದು ಅದರಲ್ಲಿ ಇಂದಿಗೂ ಇದೆ. ಕಲ್ಕತ್ತ ಎಂಬ ಹೆಸರನ್ನು ಕೋಲ್ಕತ ಎಂದು ಬದಲಿಸಿದ ಮೇಲೂ ಹಳೆಯ ಪ್ರೋಗ್ರಾಮುಗಳಿಗಾಗಿ ಹಳೆಯ ಹೆಸರನ್ನು ಉಳಿಸಿದ್ದಾರೆ.

ಯೂನಿಕೋಡು ಕೂಡ ಆವೃತ್ತಿಯುಳ್ಳ ಒಂದು ಪಟ್ಟಿಯೇ ಎಂಬುದನ್ನು ಕನ್ನಡ ಐಚ್ಛಿಕದ ಮಿತ್ರರು ಗಮನಿಸಬೇಕು. ಶಾಸನಗಳಲ್ಲಿ ಕಾಣುವ ನಕಾರ ಪೊಲ್ಲಿಗೆ ಅದರಲ್ಲಿ ಸ್ಥಾನ ದೊರೆತದ್ದು 2021ರ 14ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಪಟ್ಟಿಯನ್ನು ಹೊತ್ತ ಪ್ರೋಗ್ರಾಮಿಗೆ ಅದು ಅಕ್ಷರವೆಂದೇ ತಿಳಿಯದು. ಹಳಗನ್ನಡದ ೞಕಾರದ ಕಥೆ ಇನ್ನೂ ಸ್ವಾರಸ್ಯ. ಯೂನಿಕೋಡಿನಲ್ಲಿ ಅದಕ್ಕೆ ಕೈತಪ್ಪಿನಿಂದ ‘ಫ’ ಎಂಬ ಉಚ್ಚಾರದ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಪಂಪನ ಕಾಲದ ಆ ಅಕ್ಷರ ಇಂದಿಗೂ ಅಲ್ಲಿ ಆ ಹೆಸರಿನಲ್ಲಿಯೇ ಇದ್ದು, ಹೆಸರು ತಪ್ಪೆಂಬ ಟಿಪ್ಪಣಿ ಮಾತ್ರ ಪಕ್ಕದಲ್ಲಿದೆ! ನಿಯಮ ಮೊಂಡಾಗಿ ತೋರಬಹುದು. ಆದರೆ ಸಾವಿರಾರು ಪ್ರೋಗ್ರಾಮುಗಳು ಒಂದು ಪಟ್ಟಿಯನ್ನು ನಂಬಿರುವಾಗ, ತಪ್ಪನ್ನು ಸದ್ದಿಲ್ಲದೆ ತಿದ್ದುವುದಕ್ಕಿಂತ ಅದನ್ನು ಉಳಿಸಿ ಟಿಪ್ಪಣಿ ಬರೆಯುವುದೇ ಕ್ಷೇಮ.

ಬೆರಳಚ್ಚಿನ ತಾಳೆ ಫೈಲು ಅದೇ ಹೌದೆಂದು ಮಾತ್ರ ಹೇಳುತ್ತದೆ. ಅದು ನಮ್ಮ ಕೆಲಸಕ್ಕೆ ಒದಗುತ್ತದೆಯೇ ಎಂದು ಹೇಳಲಾರದು. ವರ್ಕ್‌ಶಾಪಿನಲ್ಲಿ ಇದಕ್ಕೆ ಗೋ, ನೋ-ಗೋ ಎಂಬ ಜೋಡಿ ಗೇಜುಗಳಿವೆ: ಒಂದು ತೂರಬೇಕು, ಇನ್ನೊಂದು ತೂರಬಾರದು. ನಾವೂ ಅಂಥದೊಂದು ಪುಟ ಮಾಡಿಕೊಂಡೆವು. ಫಾಂಟು ಬದಲಾದಾಗಲೆಲ್ಲ ಅದರಲ್ಲಿ ಕೆಲವು ಶಬ್ದಗಳನ್ನು ಮೂಡಿಸಿ ನೋಡುವುದು: ಲಕ್ಷ್ಮೀ, ಸ್ತ್ರೀ, ಜ್ಞಾನ, ಸೂರ್ಯ, ೞ ಮತ್ತು ಱ. ಇವುಗಳ ಜೊತೆಗೆ ರ‍್ಯಾಂಕ್ ಎಂಬ ಶಬ್ದ. ಇದರಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣವಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ಜೋಡಣಾ ಸಂಕೇತ ನಡುವೆ ಬೇಕು. ಫಾಂಟೂ ಅದನ್ನು ಬಲ್ಲದ್ದಾಗಿರಬೇಕು. ರ‍್ಯಾಂಕ್ ಪಡೆದವರ ಹೆಸರು ಅಚ್ಚಾಗುವ ಸಂಚಿಕೆಗೆ ಈ ಪರೀಕ್ಷೆ ಅನಗತ್ಯವೆನ್ನುವಂತಿಲ್ಲ. ತರಬೇತಿ ಫೈಲಿಗೆ ಕೈಯಿಂದ ಟೈಪು ಮಾಡಿದ ಐದು ಪುಟಗಳೊಡನೆ ಹೋಲಿಕೆ. ತಾಲ್ಲೂಕಿನ ಪಟ್ಟಿಗೆ ಹರಪನಹಳ್ಳಿಯನ್ನು 1996, 2005, 2022 ಎಂಬ ಮೂರು ವರ್ಷಗಳಲ್ಲಿ ಕೇಳಿ, ಬಳ್ಳಾರಿ, ದಾವಣಗೆರೆ, ವಿಜಯನಗರ ಎಂಬ ಉತ್ತರ ಕ್ರಮವಾಗಿ ಬರುತ್ತದೆಯೇ ಎಂದು ನೋಡುವುದು.

ರಿಜಿಸ್ಟರಿನಲ್ಲಿ ಈಗ ಒಂಬತ್ತು ಸಾಮಗ್ರಿಗಳಿವೆ. ಈ ವರ್ಷ ನಾವು ನಾಲ್ವರೂ ಕಾಲೇಜು ಬಿಡುತ್ತೇವಾದುದರಿಂದ ಹೊಣೆಗಾರರ ಅಂಕಣದಲ್ಲಿ ನಮ್ಮ ಹೆಸರುಗಳನ್ನು ಹೊಡೆದು ದ್ವಿತೀಯ ಬಿ.ಎ.ಯ ಇಬ್ಬರ ಹೆಸರುಗಳನ್ನು ಬರೆದಿದ್ದೇವೆ. ರಿಜಿಸ್ಟರಿನ ಅಚ್ಚು ಮಾಡಿದ ಒಂದು ಪ್ರತಿ ಕನ್ನಡ ವಿಭಾಗದ ಬೀರುವಿನಲ್ಲಿದೆ. ತಾಲ್ಲೂಕುಗಳ ಪಟ್ಟಿಯನ್ನು ಮತ್ತೆ ಮೂಲದೊಡನೆ ತಾಳೆ ನೋಡಬೇಕಾದದ್ದು ಬರುವ ಜೂನ್ ತಿಂಗಳಲ್ಲಿ.